ಗದಗಿನಲ್ಲಿ ಒಂದು ಪ್ರಾಣಿಯೂ ಇಲ್ಲವಂತೆ

ಇಂದು ಬೆಳಿಗ್ಗೆ ಪಹಣಿಯ ಕೆಲಸಕ್ಕೆಂದು ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಎಂದು ಕೇಳಬೇಡಿ, ಸೋಮವಾರ ಮತ್ತೆ ಅಲ್ಲಿಗೇ ಹೋಗಬೇಕು. ಪಹಣಿ ಸಿಗಲಿಲ್ಲ, ಸರ್ವರ್ ಇರಲಿಲ್ಲ. ಅದು ಸುದ್ದಿಯೇ ಅಲ್ಲ ಬಿಡಿ. ಕಾಯುತ್ತ ಕುಳಿತವನ ಎದುರಿಗೆ ಗೋಡೆ ತುಂಬ ಹೊಸದಾಗಿ ಬರೆಸಿದ ಕರ್ನಾಟಕದ ಚಿತ್ರನಕ್ಷೆ. ಮೇಲೆ ದಪ್ಪ ಅಕ್ಷರದಲ್ಲಿ ‘ಜೀವವೈವಿಧ್ಯ ಉಳಿಸೋಣ’.

ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದವನ ಕಣ್ಣಲ್ಲವೇ, ಮೊದಲು ಕೈಚಳಕವನ್ನೇ ನೋಡಿತು. ಬರೆದವನು ಸಾಮಾನ್ಯನಲ್ಲ. ದಾಂಡೇಲಿಯ ಮಂಗಟ್ಟೆಯ ಕೊಕ್ಕಿನ ಮೇಲಿನ ಹಳದಿ ಕವಚ ಅಂಚಿಗೆ ಬರುತ್ತ ಕಿತ್ತಳೆಗೆ ತಿರುಗುವುದನ್ನೂ ಬಿಟ್ಟಿಲ್ಲ. ಶರಾವತಿ ಕಣಿವೆಯ ಸಿಂಗಳೀಕದ ಮುಖದ ಸುತ್ತಲಿನ ಬೂದು ಕೇಸರವನ್ನು ಎಳೆ ಎಳೆಯಾಗಿ ತೆಗೆದಿದ್ದಾನೆ. ಬಂಡೀಪುರದ ಹುಲಿಯಂತೂ ಬಾಲವನ್ನು ತುಮಕೂರಿನ ತನಕ ಚಾಚಿಕೊಂಡು ಮಲಗಿದೆ. ಭೇಷ್ ಎಂದುಕೊಂಡೆ.

ಆಮೇಲೆ ಕಣ್ಣು ಘಟ್ಟ ಇಳಿದು ಬಯಲುಸೀಮೆಗೆ ಬಂತು. ಹಂಪಿಯ ಕಲ್ಲಿನ ರಥ. ಗೋಲಗುಮ್ಮಟ. ಒಂದು ಸೂರ್ಯಕಾಂತಿ ಹೂವು. ನಮ್ಮ ಗದಗ, ಕೊಪ್ಪಳಗಳ ಪಾಲಿಗೆ ಮೂರು ಗಾಳಿಯಂತ್ರ! ಜೀವವೈವಿಧ್ಯದ ನಕ್ಷೆಯಲ್ಲಿ ಗಾಳಿಯಂತ್ರ ಯಾವ ಜಾತಿಯ ಜೀವಿಯೋ, ಎಷ್ಟು ಮೊಟ್ಟೆ ಇಡುತ್ತದೆಯೋ.

ಹುಬ್ಬಳ್ಳಿ–ಧಾರವಾಡದ ಬಸ್ಸಿಗೆ ‘ಚಿಗರಿ’, ಅಂದರೆ ಕೃಷ್ಣಮೃಗ, ಎಂದು ಹೆಸರಿಟ್ಟವರು ನಾವು. ರಾಣೆಬೆನ್ನೂರಿನಲ್ಲಿ ಚಿಗರಿಗಳಿಗೆ 1974ರಿಂದಲೇ ಅಭಯಾರಣ್ಯವಿದೆ. ನಕ್ಷೆಯಲ್ಲಿ ಒಂದೇ ಒಂದು ಚಿಗರಿ ಇಲ್ಲ. ಅವು ಬೆಳೆ ಮೇಯುತ್ತವೆ ಎಂದು ನಮ್ಮ ರೈತರು ಬೈಯುತ್ತಾರೆ, ನಿಜ. ಬೈಯುವುದಕ್ಕಾದರೂ ಅವು ಇರಬೇಕಲ್ಲವೇ? ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ, ನಕ್ಷೆಯಲ್ಲಿ ಕರಡಿ ಕಾಣುವುದಿಲ್ಲ. ಹಿಮಾಲಯ ದಾಟಿ ಬಂದು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆ ಹೆಬ್ಬಾತುಗಳೂ ಇಲ್ಲ. ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಜಗತ್ತಿಗೆ ಕಂಡ ಕೆರೆ ಪಕ್ಕದ ಗೋಡೆಗೆ ಕಾಣಲಿಲ್ಲ.

ಅಲ್ಲೇ ಇದ್ದ ಸಿಬ್ಬಂದಿಯೊಬ್ಬರನ್ನು ಕೇಳಿದೆ. “ಮಕ್ಕಳು ನೋಡಲಿ ಎಂದು ಬರೆಸಿದ್ದು ಸರ್. ಹುಲಿ, ಆನೆ ಇದ್ದರೆ ತಾನೇ ಅವರು ನಿಂತು ನೋಡುವುದು?” ಎಂದರು. ಹುಲಿ ಉಳಿದರೆ ಕಾಡು ಉಳಿಯುತ್ತದೆ, ಕಾಡು ಉಳಿದರೆ ಎಲ್ಲವೂ ಉಳಿಯುತ್ತದೆ ಎಂಬ ಪಾಠವನ್ನೂ ಒಪ್ಪಿಸಿದರು. ಒಳ್ಳೆಯ ಮನುಷ್ಯ, ಜಗಳವಾಡಲು ಮನಸ್ಸಾಗಲಿಲ್ಲ. ಇಲ್ಲಿ ಆಡುತ್ತೇನೆ. ಬಂಡೀಪುರದ ಹುಲಿ ಉಳಿದರೆ ಕೊಪ್ಪಳದ ತೋಳ ಹೇಗೆ ಉಳಿಯುತ್ತದೆ, ಬಸ್ ಹತ್ತಿ ಅಲ್ಲಿಗೆ ಹೋಗುತ್ತದೆಯೇ? ಅದಕ್ಕೆ ಬೇಕಾದದ್ದು ಕಾಡಲ್ಲ. ಹುಲ್ಲು, ಕುರುಚಲು, ಕಲ್ಲುಗುಡ್ಡ, ಕುರಿಗಾಹಿಗಳು ತಿರುಗುವ ಬಯಲು.

ಆ ಬಯಲಿಗೆ ಇನ್ನೊಂದು ನಕ್ಷೆ ಇದೆ. ಕೇಂದ್ರ ಸರ್ಕಾರ 2000ದಿಂದ ಹೊರತರುತ್ತಿರುವ ಪಾಳುಭೂಮಿ ಅಟ್ಲಾಸ್. ಕುರುಚಲು ನೆಲವೆಲ್ಲ ಅದರಲ್ಲಿ ‘ಪಾಳು’. ಆ ನಕ್ಷೆ ಪಾಳು ಎನ್ನುತ್ತದೆ, ಈ ನಕ್ಷೆ ಖಾಲಿ ಬಿಡುತ್ತದೆ. ಪಾಳಾದ, ಖಾಲಿಯಾದ ಜಾಗದಲ್ಲಿ ಸೋಲಾರ್ ಫಲಕ ಹಾಸಲು, ತಂತಿ ಎಳೆಯಲು ಯಾರಿಗೆ ಅಳುಕು? ಚಿತ್ರನಕ್ಷೆ ಬರೀ ಗೋಡೆಯ ಅಲಂಕಾರ ಎನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿಯೇ. ಹತ್ತು ವರ್ಷದ ಮಗು ಇದನ್ನು ನೋಡಿ, ನಮ್ಮೂರಲ್ಲಿ ಉಳಿಸುವಂಥದ್ದು ಏನೂ ಇಲ್ಲ ಎಂದು ಕಲಿತುಕೊಂಡು ಮನೆಗೆ ಹೋಗುತ್ತದೆ.

ಇಷ್ಟು ಕೂಗಾಡಿದ ಮೇಲೆ ನನ್ನದನ್ನೂ ಹೇಳಿಬಿಡುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಇಲ್ಲಿದ್ದೀರಿ, ಹೇಗೂ ನೆನಪಿಸುತ್ತೀರಿ. ನಮ್ಮ ಶಾಲೆಯ ಕಾರಿಡಾರಿನಲ್ಲಿ ನಾನೂ ಇಂಥದ್ದೇ ಒಂದು ನಕ್ಷೆ ಬರೆದಿದ್ದೆ. ಗದಗಿಗೆ ಏನು ಬರೆಯುವುದೆಂದು ತೋಚದೆ ಒಂದು ಹತ್ತಿಕಾಯಿ, ಅದರ ಪಕ್ಕ ಜಾಗ ತುಂಬಲು ಒಂದು ನವಿಲು. ಕುರಿ ಕಾಯುವ ಮನೆಯ ಹುಡುಗನೊಬ್ಬ ಬಹಳ ಹೊತ್ತು ನೋಡಿ, “ಸರ್, ತೋಳ ಬರೆದಿಲ್ಲವಲ್ಲ?” ಎಂದ. ಹಿಂದಿನ ವಾರವಷ್ಟೇ ಅವರ ಹಟ್ಟಿಯಿಂದ ಎರಡು ಮರಿಗಳನ್ನು ತೋಳ ಹೊತ್ತೊಯ್ದಿತ್ತು. “ತೋಳ ಏನು ಚಂದ ಎಂದು ಬರೆಯಲೋ, ಕ್ಲಾಸಿಗೆ ನಡಿ” ಎಂದೆ. ಮರಿ ಕಳೆದುಕೊಂಡವನು ತೋಳಕ್ಕೆ ಜಾಗ ಕೇಳಿದ್ದ. ಸಂಬಳ ತೆಗೆದುಕೊಳ್ಳುವ ನಾನು ಕೊಡಲಿಲ್ಲ.

ಎದ್ದು ಬರುವಾಗ ಇನ್ನೊಂದು ಕಂಡಿತು. ಯಾವ ಬಣ್ಣ ಕಾಡು, ಯಾವ ಗೆರೆ ನದಿ ಎಂದು ಹೇಳುವ ಸೂಚಿಯ ಚೌಕವನ್ನು ಸರಿಯಾಗಿ ಸಿರುಗುಪ್ಪದ ಮೇಲೆ ಕೂರಿಸಿದ್ದಾರೆ. ನಮ್ಮ ರಾಜ್ಯದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ದೊರವಾಯನ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಾಣುವುದು ಅಲ್ಲಿನ ಎರೆಹೊಲಗಳಲ್ಲಿ. ಹದಿನೈದು ಕಿಲೋ ತೂಗಬಲ್ಲ ಹಕ್ಕಿ, ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಅದರ ನೆತ್ತಿಯ ಮೇಲೆ ಬಿಳಿ ಚೌಕ!

ಸೋಮವಾರ ಪಹಣಿಗೆ ಹೋಗುವಾಗ ಕುಂಚವನ್ನೂ ಒಯ್ಯುತ್ತೇನೆ. ಕಂದು, ಕಪ್ಪು ಮನೆಯಲ್ಲೇ ಇವೆ. ಅನುಮತಿ ಕೊಟ್ಟರೆ ಮೊದಲು ತೋಳ. ಏಣಿ ಅವರೇ ಕೊಡಬೇಕು, ಹಿಡಿದುಕೊಳ್ಳಲು ಒಬ್ಬ ಹುಡುಗನೂ ಬೇಕು. ನನ್ನ ಮೊಣಕಾಲಿನ ಕಥೆ ನಿಮಗೆ ಗೊತ್ತೇ ಇದೆ.