1943 ದಾಟದೋರು ಸೈಲೆಂಟ್ ಹಂಟರ್ ಆಡೇ ಇಲ್ಲ

ಹೋದ ವಾರ ಅಟ್ಟ ಕ್ಲೀನ್ ಮಾಡ್ತಾ ಸೈಲೆಂಟ್ ಹಂಟರ್ 3 ಡಿವಿಡಿ ಸಿಕ್ತು. ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್ ಓಡ್ಸೋ 2005ರ ಗೇಮು, ಆಗ ನನ್ ಕಂಪ್ಯೂಟರಲ್ಲಿ ತೆವಳ್ತಿತ್ತು, ಈಗಿನ ಮೆಷಿನ್ನಲ್ಲಿ ಹಾರ್ಕೊಂಡ್ ಹೋಗತ್ತೆ ಅನ್ಕೊಂಡೆ. ಎಲ್ಲಿಂದ! ಮೊದ್ಲು ಡಿವಿಡಿ ಡ್ರೈವೇ ಇಲ್ಲ, ಫ್ರೆಂಡ್ ಹತ್ರ ಒಂದು ಇಸ್ಕೊಂಡ್ ಬಂದು ಹಾಕಿದ್ರೆ ಕಳ್ಳರು ಕಾಪಿ ಮಾಡ್ಬಾರ್ದು ಅಂತ ಆಗ ಸೇರಿಸಿದ್ದ ಡ್ರೈವರ್ ಈಗಿನ 64 ಬಿಟ್ ಸಿಸ್ಟಮ್ಮಲ್ಲಿ ಮೇಲೇಳೋದೇ ಇಲ್ಲ. ಕಳ್ಳರು ಯಾವತ್ತೋ ಆಡಿ ಮುಗ್ಸಿದ್ರು, ದುಡ್ಡು ಕೊಟ್ಟೋನು ಮಾತ್ರ ಬಾಗ್ಲಾಚೆ. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಇನ್ನೊಂದ್ಸಲ ತಗೊಂಡೆ, ಏನ್ ಮಾಡೋದು.

ಹಾಕೋರಿಗೆ ಎರಡೇ ಮಾತು. ಪ್ರೋಗ್ರಾಮ್ ಫೈಲ್ಸ್ ಒಳಗೆ ಹಾಕ್ಬೇಡಿ, ಬೇರೆ ಫೋಲ್ಡರ್ ಮಾಡಿ, ಇಲ್ದಿದ್ರೆ ‘ಮಾಡ್’ (ಗೇಮನ್ನ ಬದಲಿಸೋಕೆ ಆಟಗಾರರೇ ಮಾಡಿದ ಫೈಲುಗಳು) ಹಾಕುವಾಗ ಪರ್ಮಿಷನ್ ಕಾಟ. ಇದು 32 ಬಿಟ್ ಗೇಮು, ನಿಮ್ಮತ್ರ 32 ಜಿಬಿ ರ‍್ಯಾಮ್ ಇದ್ರೂ ಅದಕ್ಕೆ ಕಾಣ್ಸೋದು 2 ಜಿಬಿ, ಹಾಗಾಗಿ ಜಿಡಬ್ಲ್ಯೂಎಕ್ಸ್ ಥರ ದೊಡ್ಡ ಮಾಡ್ ಹಾಕೋದಾದ್ರೆ 4 ಜಿಬಿ ಪ್ಯಾಚ್ ಬೇಕೇ ಬೇಕು. ಅಗಲದ ಮಾನಿಟರಲ್ಲಿ ಪೆರಿಸ್ಕೋಪು ಕೋಳಿಮೊಟ್ಟೆ ಥರ ಕಾಣತ್ತೆ, ಅದಕ್ಕೂ ಮಾಡ್ ಇದೆ.

ಸರಿ, ಓಡ್ತು. ಆಮೇಲೆ? ಆಮೇಲೆ ಏನೂ ಆಗಲ್ಲ! ಫ್ರಾನ್ಸಿನ ಸೇಂಟ್ ನಜೇರ್ ಬಂದರಿಂದ ಹೊರಟ್ರೆ ಟೈಮನ್ನ 1024 ಪಟ್ಟು ಓಡ್ಸಿದ್ರೂ ಸುಮ್ನೆ ನೀರು, ಮೋಡ, ನೀರು. ನಂಗೆ ಇದೇ ಇಷ್ಟ. ಕೊನೆಗೊಂದು ಹಡಗು ಕಂಡ್ರೆ ಸ್ಟಾಪ್‌ವಾಚ್ ಒತ್ತಿ 3 ನಿಮಿಷ 15 ಸೆಕೆಂಡ್ ಕಾಯೋದು, ಅಷ್ಟರಲ್ಲಿ ಅದು 800 ಮೀಟರ್ ಹೋಗಿದ್ರೆ ಅದರ ಸ್ಪೀಡು 8 ನಾಟ್ (ಹಡಗಿನ ವೇಗದ ಅಳತೆ), ಟಾರ್ಪೆಡೊ ಗುರಿ ಇಡೋಕೆ ಅಷ್ಟೇ ಲೆಕ್ಕ. ಈ ಲೆಕ್ಕಾನೂ ಗೇಮಿಗೇ ಬಿಡೋ ಆಟೋ ಟಾರ್ಗೆಟಿಂಗ್ ಆನ್ ಮಾಡೋರನ್ನ ಕಂಡ್ರೆ ನಂಗೆ ಪಾಪ ಅನ್ಸತ್ತೆ, ಊಟಕ್ಕೆ ಕೂತು ಬರೀ ಪಾಯಸ ತಿಂದೆದ್ದೋರ ಥರ.

ಆದ್ರೆ ಬಹಳ ಜನ 1942ಕ್ಕೇ ಆಟ ನಿಲ್ಲಿಸ್ತಾರೆ, ಇದು ನಂಗೆ ಸರಿ ಬರಲ್ಲ. ಅಲ್ಲೀವರ್ಗೂ ಸುಖ, ನಿಜ. 42ರ ಶುರುವಲ್ಲಿ ಅಮೆರಿಕದ ಕರಾವಳಿ ಊರುಗಳು ದೀಪಾನೂ ಆರಿಸಿರ್ಲಿಲ್ಲ, ಆ ಬೆಳಕಲ್ಲಿ ಹಡಗು ನೆರಳಿನ ಥರ ಎದ್ದು ಕಾಣೋದು. ಆಮೇಲೆ 43 ಬರತ್ತೆ. ಮೆಟಾಕ್ಸ್ ಅನ್ನೋ ರಾಡಾರ್ ಎಚ್ಚರಿಕೆ ಡಬ್ಬ ನಂಬ್ಕೊಂಡು ಮೇಲೆ ಬಂದ್ರೆ ಬ್ರಿಟಿಷರ ಹೊಸ 10 ಸೆಂಟಿಮೀಟರ್ ರಾಡಾರ್‌ಗೆ ಅದು ಕಿವುಡು, ಸೀದಾ ತಲೆ ಮೇಲೆ ವಿಮಾನ. ಆ ವರ್ಷದ ಮೇ ಒಂದೇ ತಿಂಗಳಲ್ಲಿ 40ಕ್ಕೂ ಹೆಚ್ಚು ಯು-ಬೋಟ್, ಅಂದ್ರೆ ಜರ್ಮನ್ ಸಬ್‌ಮರೀನ್, ಹೋದ್ವು. ಯುದ್ಧ ಮುಗಿಯೋ ಹೊತ್ಗೆ ಅದರಲ್ಲಿ ಹೋದ ನಾಲ್ವರಲ್ಲಿ ಮೂವರು ವಾಪಸ್ ಬರ್ಲಿಲ್ಲ. ನಾವು ಆಡ್ತಿರೋದು ಹಿಟ್ಲರ್ ಕಡೆಯ ಬೋಟು ಸ್ವಾಮಿ, ಬರೀ ಗೆಲ್ಲೋ ಭಾಗ ಆಡಿ ಎದ್ದೋಗೋದು ಎಂಥದು? ಬೇಟೆ ಆಡಿದ್ಮೇಲೆ ಬೇಟೆ ಆಗೋದನ್ನೂ ನೋಡ್ಬೇಕು.

ಅಂದಹಾಗೆ ನೇತಾಜಿ ಜರ್ಮನಿಯ ಕೀಲ್ ಬಂದರಲ್ಲಿ ಯು-180 ಹತ್ತಿದ್ದು ಇದೇ 43ರ ಫೆಬ್ರವರಿಯಲ್ಲಿ. ಏಪ್ರಿಲ್ ಕೊನೇಲಿ ಮಡಗಾಸ್ಕರ್ ಕಡೆ ನಡುನೀರಲ್ಲೇ ರಬ್ಬರ್ ದೋಣಿ ಹತ್ತಿ ಜಪಾನಿನ ಐ-29 ಸಬ್‌ಮರೀನ್‌ಗೆ ದಾಟಿದ್ರು. ಶಾಲೇಲಿ ಇದನ್ನ ಒಂದು ಸಾಲಲ್ಲಿ ಓದಿ ಮುಗ್ಸಿದ್ವಿ. ಗೇಮಲ್ಲಿ ಅದೇ ಕೀಲ್‌ನಿಂದ ಸ್ಕಾಟ್ಲೆಂಡ್ ಸುತ್ತಿ ಅಟ್ಲಾಂಟಿಕ್‌ಗೆ ಬರೋ ಹೊತ್ಗೆ ನನ್ ಮೇಲೆ ಮೂರು ಸಲ ವಿಮಾನ ಎರಗಿತ್ತು, ಅವಾಗ ಗೊತ್ತಾಯ್ತು ಆ ಮನುಷ್ಯನ ಗುಂಡಿಗೆ ಎಂಥದ್ದು ಅಂತ.

ಸದ್ಯಕ್ಕೆ ಗೇಮಲ್ಲಿ ನಾನು ಫ್ರಾನ್ಸ್ ಪಕ್ಕದ ಬಿಸ್ಕೆ ಕೊಲ್ಲಿಯಲ್ಲಿ 190 ಮೀಟರ್ ಕೆಳಗಿದೀನಿ, ಮೇಲೆ ಸಬ್‌ಮರೀನ್ ಬೇಟೆಯಾಡೋ ಎರಡು ಡಿಸ್ಟ್ರಾಯರ್ ಯುದ್ಧನೌಕೆ ಸುತ್ತು ಹಾಕ್ತಿವೆ, ಬ್ಯಾಟರಿ ಅರ್ಧಕ್ಕೆ ಬಂದಿದೆ. ನೀರೊಳಗೆ ಸೇವ್ ಮಾಡಿದ್ರೆ ಫೈಲ್ ಕೆಡತ್ತೆ ಅಂತ ಹಳಬರ ಮಾತು, ಅದಕ್ಕೆ ಗೇಮನ್ನ ಅಲ್ಲೇ ನಿಲ್ಲಿಸಿ, ಕಂಪ್ಯೂಟರ್ ಆಫ್ ಮಾಡ್ದೇನೆ ಊಟಕ್ಕೆ ಬಂದು ಇದನ್ನ ಫೋನಲ್ಲಿ ಟೈಪ್ ಮಾಡ್ತಿದೀನಿ. ಹೊರಗೆ ಮಳೆ ಶುರುವಾಗಿದೆ. ಯುಪಿಎಸ್ ಇಲ್ಲ. ಕರೆಂಟ್ ಒಂದು ಹೋಗ್ದಿದ್ರೆ ಸಾಕು.