ಅಂಕ ಏರಿದ್ದಷ್ಟೇ ಫಲಿತಾಂಶವೇ?

ನರ್ಸಿಂಗ್ ಕಾಲೇಜುಗಳ ಸಂಶೋಧನೆ ಹಳ್ಳಿಗೆ ಹತ್ತಿರವಾಗಬೇಕು ಎಂದು ಲೇಖನವೊಂದು ಹೇಳಿದ ಮಾತು ಸರಿ. ಆದರೆ ತೊಡಕು ಅಧ್ಯಯನದ ವಿನ್ಯಾಸದಲ್ಲೇ ಇದೆ. ನಮ್ಮ ಎಂ.ಎಸ್ಸಿ. ಪ್ರಬಂಧಗಳಲ್ಲಿ ಪದೇ ಪದೇ ಕಾಣುವುದು ಒಂದೇ ಅಚ್ಚು: ಒಂದು ಗುಂಪು, ಪೂರ್ವಪರೀಕ್ಷೆ, ಒಂದಿಷ್ಟು ಪಾಠ, 7ನೇ ದಿನ ಅದೇ ಪ್ರಶ್ನಾವಳಿ. ಅಂಕ ಏರದೆ ಇನ್ನೇನಾದೀತು! ಹೋಲಿಸಲು ಇನ್ನೊಂದು ಗುಂಪಿಲ್ಲದಿದ್ದರೆ ಅದು ಪಾಠದ ಫಲವೋ, ಪ್ರಶ್ನೆಗಳು ಪರಿಚಿತವಾದದ್ದರ ಫಲವೋ ಗೊತ್ತಾಗದು.

ಅಳತೆಯಲ್ಲೂ ತೊಡಕಿದೆ, ಬಿಪಿ ಸಮೀಕ್ಷೆಯನ್ನೇ ತಗೊಳ್ಳಿ. ಹೊಲದಿಂದ ಬಂದವರನ್ನು 5 ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ, ತೋಳು ಹೃದಯದ ಮಟ್ಟಕ್ಕೆ. 1–2 ನಿಮಿಷ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ದಪ್ಪ ತೋಳಿಗೆ ಸಣ್ಣ ಕಫ್ (ಬಿಪಿ ಯಂತ್ರದ ಪಟ್ಟಿ) ಸುತ್ತಿದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಹಾಳೆ ತುಂಬ ಬರೀ 120, 130, 140 ಕಂಡರೆ ಅಳತೆಯನ್ನು ದುಂಡಗೆ ಮಾಡಿ ಬರೆದಿದ್ದಾರೆ ಅಂತಲೇ ಲೆಕ್ಕ.

ಆಶಾ ಕಾರ್ಯಕರ್ತೆ ಜೊತೆಗಿಲ್ಲದೆ ಎಷ್ಟೋ ಮನೆಗಳ ಬಾಗಿಲು ತೆರೆಯದು, ನಿಜ. ಆದರೆ ಪರಿಚಯ ಮಾಡಿಸಿದ ಮೇಲೆ ಅವರು ಮುಂದಿನ ಮನೆಗೆ ನಡೆಯಲಿ. ಅವರೆದುರೇ 'ಮಗು ನೋಡೋಕೆ 3, 7, 14ನೇ ದಿನ ಆಶಾ ಬಂದಿದ್ರಾ?' ಎಂದು ಕೇಳಿದರೆ ಯಾವ ಬಾಣಂತಿ 'ಇಲ್ಲ' ಅಂತಾಳೆ? ತಾಯಿ ಕಾರ್ಡನ್ನೂ ತೆಗೆಸಿ ನೋಡಬೇಕು.

ಇನ್ನೊಂದು, ಬಿಪಿ 140/90 ದಾಟಿದವರನ್ನು ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಕಳಿಸುವ ವ್ಯವಸ್ಥೆ ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಗೆ ಕೊಡುವ ಅರ್ಜಿಯಲ್ಲೇ ಬರೆದಿರಬೇಕು, ವೈದ್ಯಾಧಿಕಾರಿಗೆ ಮೊದಲೇ ತಿಳಿಸಿರಬೇಕು.