ಚೊಂಬೇ ಕುಳಿ, ಕಾಲುಚೀಲವೇ ಚೆಂಡು
ಮೂರು ವರ್ಷಕ್ಕೇ ಮಕ್ಕಳಿಗೆ ಗಾಲ್ಫ್ ರುಚಿ ಹತ್ತಿಸಬಹುದು, ಆದರೆ ತರಬೇತುದಾರರು ಬೇಕು ಎನ್ನುವ ಲೇಖನವೊಂದನ್ನು ಓದಿದೆ. ಮೊದಲ ಮಾತು ಸರಿ. ಎರಡನೆಯದನ್ನು ಒಪ್ಪಲಾರೆ. ನಾವಿರುವುದು ಮುಂಬೈನ ಚೆಂಬೂರಿನಲ್ಲಿ. ಇಲ್ಲಿ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ 1927ರಿಂದಲೂ ಇದೆ; ಅದರೊಳಗೆ ಕಾಲಿಡುವ ಯೋಗ ನನಗೆ ಬಂದಿಲ್ಲ, ಆ ಮಾತು ಬಿಡಿ. ಮೊಮ್ಮಗಳ ಮೈದಾನ ನಮ್ಮ ಹಜಾರವೇ. ಪ್ಲಾಸ್ಟಿಕ್ ಕೋಲು, ಉಂಡೆ ಕಟ್ಟಿದ ಕಾಲುಚೀಲ, ಅಡ್ಡ ಮಲಗಿಸಿದ ಸ್ಟೀಲ್ ಚೊಂಬು. ಚೊಂಬಿನ ಬಾಯಿ ಚಿಕ್ಕದೆಂದು ಮೊದಲ ದಿನ ಅತ್ತಳು; ಬಕೆಟ್ ಇಟ್ಟ ಮೇಲೆ ನಕ್ಕಳು. ಗಾಲ್ಫ್ ಮೈದಾನದಲ್ಲಿ ಚೆಂಡು ಬೀಳಿಸಬೇಕಾದ ನಿಜವಾದ ಕುಳಿಯ ಅಗಲವೂ 108 ಮಿಲಿಮೀಟರ್ ಅಷ್ಟೇ, ದೊಡ್ಡವರೇ ಗುರಿ ತಪ್ಪುತ್ತಾರೆ.

ಅಸಲಿ ಚೆಂಡು ಮಾತ್ರ ಬೇಡ. ತೂಕ 46 ಗ್ರಾಂ ದಾಟದಿದ್ದರೂ ಕಲ್ಲಿನಂತೆ ಗಟ್ಟಿ, ಟಿವಿಗೆ ಆಪತ್ತು. ದೊಡ್ಡವರ ಕೋಲನ್ನು ಕತ್ತರಿಸಿ ಕೊಡುವುದೂ ತಪ್ಪು, ತುದಿಯ ಭಾರ ಹಾಗೆಯೇ ಉಳಿಯುತ್ತದೆ. ಮಗುವಿನ ಸುತ್ತ ಸೀಮೆಸುಣ್ಣದಿಂದ ದೊಡ್ಡ ವೃತ್ತ ಬರೆಯಿರಿ. ಕೋಲು ಬೀಸುವಾಗ ಅದರೊಳಗೆ ಬೇರೆ ಯಾರೂ ಹೋಗಬಾರದು. ಈ ನಿಯಮ ಮೀರಿ ಮೊಣಕಾಲಿಗೆ ಪೆಟ್ಟು ತಿಂದವನು ನಾನೇ.

ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರ ಟೈಗರ್ ವುಡ್ಸ್ 1978ರಲ್ಲಿ, ಎರಡು ವರ್ಷದವನಿದ್ದಾಗಲೇ, ಟಿವಿಯಲ್ಲಿ ಆಡಿ ತೋರಿಸಿದ್ದನ್ನು ಲೇಖಕರು ನೆನೆದಿದ್ದಾರೆ. ನಮ್ಮವಳು ಹತ್ತು ನಿಮಿಷಕ್ಕೆ ಕೋಲು ಬಿಸಾಡಿ, ಚೊಂಬಿಗೆ ನೀರು ತುಂಬಲು ಓಡುತ್ತಾಳೆ.